ಐದನೇ ಸೀಸನ್ನಿನ ನಗು

ಜೋಕರ್ ಏನನ್ನೂ ಕೇಳಲಿಲ್ಲ. ಮೆಕ್ಯಾನಿಕ್‌ನ ನಿದ್ದೆಗೆಡಿಸಿದ್ದು ಅದೇ.

ಇಬ್ಬರೂ ಒಂದೇ ಲಿಫ್ಟ್ ಕಂಪನಿಯಲ್ಲಿ ರಿಪೇರಿ ಕೆಲಸದವರು; ಸದಾ ತಮಾಷೆ ಮಾಡುವವನೆಂದು ಒಬ್ಬನಿಗೆ ಜೋಕರ್ ಎಂದು ಹೆಸರು ಬಿದ್ದಿತ್ತು. ಒಂದು ಹಳೆಯ ಕಟ್ಟಡದ ಲಿಫ್ಟ್ ಜಾರಿ ಬಿದ್ದು, ಅದರಲ್ಲಿದ್ದ ದರ್ಜಿ ಕಾಲು ಕಳೆದುಕೊಂಡಿದ್ದ. ಹಿಂದಿನ ವಾರವಷ್ಟೇ ಬ್ರೇಕ್ ಪರೀಕ್ಷೆ ಮಾಡಿದ್ದೆ, ಎಲ್ಲ ಸರಿಯಿತ್ತು ಎಂದು ಮೆಕ್ಯಾನಿಕ್ ವಿಚಾರಣೆಯಲ್ಲಿ ಹೇಳಿದ. ನಿಜವೆಂದರೆ ಅವನು ಅವತ್ತು ಮೇಲಿನ ಯಂತ್ರದ ಕೋಣೆಗೆ ಹತ್ತಿಯೇ ಇರಲಿಲ್ಲ. ಮೊಣಕಾಲು ನೋವೆಂದು ಕೆಳಗೇ ಕೂತು ಚಹಾ ಕುಡಿದಿದ್ದ. ಎದುರಿಗೆ ಕೂತು ಅದೇ ಚಹಾ ಕುಡಿದವನು ಜೋಕರ್. ತಪ್ಪು ಮನುಷ್ಯರದ್ದಲ್ಲ, ಕಬ್ಬಿಣದ್ದೆಂದು ತೀರ್ಮಾನವಾಗಿ ವಿಚಾರಣೆ ಮುಗಿಯಿತು.

ಜೋಕರ್‌ನ ಬ್ರೇಕಿನ ತಮಾಷೆ ಶುರುವಾದದ್ದು ಆಮೇಲೆ. ಮೆಕ್ಯಾನಿಕ್ ಸ್ಕೂಟರ್ ಹತ್ತಿದರೆ, "ಬ್ರೇಕ್ ನೋಡ್ಕೊಂಡ್ಯಾ ಗುರು?" ಕುರ್ಚಿ ಎಳೆದರೆ, "ನಿಧಾನ ಗುರು, ಬ್ರೇಕ್ ಇದೆ ತಾನೆ?" ಎಲ್ಲರೂ ನಗುತ್ತಿದ್ದರು. ಅವರಿಗದು ಬರೀ ತಮಾಷೆ. ಮೆಕ್ಯಾನಿಕ್ ಮಾತ್ರ ನಗುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ. ಏನಾದರೂ ಕೇಳಿದ್ದರೆ ಕೊಟ್ಟು ಬಾಯಿ ಮುಚ್ಚಿಸಬಹುದಿತ್ತು. ಏನೂ ಬೇಡದವನ ಬಾಯಿ ಮುಚ್ಚಿಸುವುದು ಹೇಗೆ? ಇವತ್ತಲ್ಲ ನಾಳೆ ಯಾರೋ ಒಬ್ಬರು ನಗುವುದನ್ನು ನಿಲ್ಲಿಸಿ, "ಯಾವ ಬ್ರೇಕು?" ಎಂದು ಕೇಳುತ್ತಾರೆ. ಅಲ್ಲಿಂದ ಜೈಲು ದೂರವಿರಲಿಲ್ಲ.

ಬಾಯಿ ಮುಚ್ಚಿಸುವ ಉಪಾಯವನ್ನೂ ತನಗರಿವಿಲ್ಲದೆ ಜೋಕರೇ ಕೊಟ್ಟ. ಕಚೇರಿಯೊಂದರಲ್ಲಿ ನಡೆಯುವ ಬ್ರಿಟಿಷ್ ಹಾಸ್ಯ ಧಾರಾವಾಹಿಯೆಂದರೆ ಅವನಿಗೆ ಪ್ರಾಣ. ದರ್ಪದ ಮ್ಯಾನೇಜರು, ಮೈಗಳ್ಳ ಗುಮಾಸ್ತರು, ಪ್ರತಿ ಮಾತಿಗೂ ಹೋ ಎಂದು ನಗುವ ಪ್ರೇಕ್ಷಕರು. ಮೊದಲ ನಾಲ್ಕು ಸೀಸನ್ನುಗಳ ಡಿವಿಡಿಗಳನ್ನು ಮೆಕ್ಯಾನಿಕ್‌ಗೆ ಒಂದೊಂದಾಗಿ ದಾಟಿಸಿದ್ದ. ಐದನೆಯದನ್ನು ಹೊಸದಾಗಿ ತಂದು, ಪ್ಲಾಸ್ಟಿಕ್ ಹೊದಿಕೆಯ ಸಮೇತ ಕೈಗಿಟ್ಟು ಅಂದ: "ಇದು ನಿಂಗೇ ಇರಲಿ. ಸ್ವಲ್ಪ ನಗೋದು ಕಲಿ ಗುರು. ಮುಖ ನೋಡಿದ್ರೆ ನಂಗೇ ಹೆದರಿಕೆ ಆಗತ್ತೆ."

ಮೆಕ್ಯಾನಿಕ್ ಅಂದೇ ಆ ನಗುವನ್ನು ಬೇರೆ ರೀತಿಯಲ್ಲಿ ಬಳಸಲು ನಿರ್ಧರಿಸಿದ.

ಅವನ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ತೆಳು ಗೋಡೆ. ಆಚೆ ನಿವೃತ್ತ ಟೀಚರಮ್ಮ. ಈಚೆ ಚಮಚ ಬಿದ್ದರೆ ಆಚೆ ಲೆಕ್ಕ ಇಡುವ ಹೆಂಗಸು. ಹೆಂಡತಿ ಅಕ್ಕನ ಬಾಣಂತನಕ್ಕೆ ಹೋಗಿದ್ದಳು. ಒಂದು ಭಾನುವಾರ ಮಧ್ಯಾಹ್ನ ಅವನು ಎರಡನೇ ಸೀಸನ್ ಹಾಕಿ, ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಸ್ಕೂಟರನ್ನು ಮನೆ ಮುಂದೆಯೇ ಬಿಟ್ಟು, ಹಿತ್ತಲ ಓಣಿಯಿಂದ ಹೊರಬಿದ್ದ. ಸುಮ್ಮನೆ ಅಲೆದು ಸಂಜೆಗೆ ಮರಳಿದ. ಮರುದಿನ ಟೀಚರಮ್ಮ ನಲ್ಲಿಯ ಹತ್ತಿರ ಹಿಡಿದುಕೊಂಡರು.

"ಏನಪ್ಪಾ, ನಿನ್ನೆ ಮಧ್ಯಾಹ್ನವೆಲ್ಲಾ ನಕ್ಕಿದ್ದೇ ನಕ್ಕಿದ್ದು. ನಂಗೆ ಕಣ್ಣೇ ಮುಚ್ಚಲಿಲ್ಲ."

"ಟಿವಿ ಜೋರಾಯ್ತೇನೋ ಟೀಚರಮ್ಮ."

"ಟಿವಿ ಮಾತ್ರ ಅಲ್ಲ. ನಿನ್ನ ನಗೂನೂ ಕೇಳಿಸ್ತು. ಹೋಗಲಿ ಬಿಡು, ಹೆಂಡತಿ ಇಲ್ಲದ ಮನೇಲಿ ನಗ್ತಾ ಇದ್ದೀಯಲ್ಲ, ಒಳ್ಳೇದೇ."

ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾವ ನ್ಯಾಯಾಲಯಕ್ಕೆ ಬೇಕು? ಅವನು ಮನೆಯಲ್ಲೇ ಇಲ್ಲದಾಗ ಅವನ ನಗುವನ್ನು ಕಿವಿಯಾರೆ ಕೇಳಿದ್ದರು. ಆದರೂ ಅವತ್ತು ಅವನಿಗೆ ಊಟ ಸೇರಲಿಲ್ಲ. ಭಯ ಹಾಗೆಯೇ ಇತ್ತು, ಜಾಗ ಮಾತ್ರ ಬದಲಿಸಿತ್ತು.

ಐದನೆಯದನ್ನು ಅವನು ಬೇಕೆಂದೇ ಅದುವರೆಗೆ ಬಿಚ್ಚಿರಲಿಲ್ಲ. ಹೊಸ ಸೀಸನ್ ಅಲ್ಲವೇ, ನೋಡುತ್ತ ಕೂತುಬಿಟ್ಟೆ ಎಂದರೆ ಯಾರೂ ಮರುಮಾತಾಡುವುದಿಲ್ಲ. ಮುಂದಿನ ಭಾನುವಾರ ಟಿವಿಯ ಸದ್ದಿಗೆಂದು ಟೀಚರಮ್ಮನಲ್ಲಿ ಮೊದಲೇ ಕ್ಷಮೆ ಕೇಳಿಕೊಂಡ. ಹೊದಿಕೆ ಹರಿದು, ಡಿಸ್ಕ್ ಹಾಕಿ, ಮೊದಲ ಕಂತಿನ ಮೇಲೆ ಗುಂಡಿ ಒತ್ತಿದ. ಮ್ಯಾನೇಜರು ಬಂದ, ಪ್ರೇಕ್ಷಕರು ನಕ್ಕರು. ಗೋಡೆಯಾಚೆ ಕೇಳುವಷ್ಟು ಸದ್ದು ಏರಿಸಿ, ಮುಂಬಾಗಿಲಿಗೆ ಚಿಲಕ ಹಾಕಿ, ಫೋನನ್ನು ಮೇಜಿನ ಮೇಲೇ ಬಿಟ್ಟು ಹಿಂಬಾಗಿಲಿನಿಂದ ನಡೆದ.

ಭಾನುವಾರ ಮುಚ್ಚಿರುವ ಅಂಗಡಿಗಳ ಕಟ್ಟಡದಲ್ಲಿ ಜೋಕರ್‌ಗೆ ಒಂಟಿ ಡ್ಯೂಟಿ. ಸೊಂಟಕ್ಕೆ ಸುರಕ್ಷತೆಯ ಬೆಲ್ಟ್ ಕಟ್ಟುವ ಅಭ್ಯಾಸ ಅವನಿಗಿಲ್ಲವೆಂದು ಇಡೀ ಕಂಪನಿಗೇ ಗೊತ್ತು. ಕಾಲು ಜಾರಿತೆಂದರೆ ಎಲ್ಲರೂ ನಂಬುತ್ತಾರೆ. ಮೆಕ್ಯಾನಿಕ್ ಹಿಂದಿನ ಮೆಟ್ಟಿಲು ಹತ್ತುವಾಗ ಅದೇ ಮೊಣಕಾಲು ನೋಯುತ್ತಿತ್ತು. ಅಂದು ಇಷ್ಟೇ ಮೆಟ್ಟಿಲು ಹತ್ತಿದ್ದರೆ ಇಂದು ಹತ್ತಬೇಕಿರಲಿಲ್ಲ ಎಂಬ ಯೋಚನೆ ಬಂತು. ಅದನ್ನು ಅಲ್ಲಿಗೇ ತಡೆದ.

ಕೊನೆಯ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು. ಒಳಗೆ ಕತ್ತಲೆಯ ಬಾವಿ. ಜೋಕರ್ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬಾಗಿಲಿನ ಚಕ್ರಗಳಿಗೆ ಎಣ್ಣೆ ಬಿಡುತ್ತಿದ್ದ.

"ಗುರೂ, ನೀನಾ? ರಜಾ ದಿನಾನೂ ಬಿಡಲ್ವಾ ನನ್ನ?" ಎಂದು ತಿರುಗಿ ನಕ್ಕ. "ಬಂದಿದ್ದೇ ಒಳ್ಳೇದಾಯ್ತು. ಈ ಟಾರ್ಚ್ ಹಿಡ್ಕೋ ಸ್ವಲ್ಪ."

ಮೆಕ್ಯಾನಿಕ್ ಎಣ್ಣೆ ಮೆತ್ತಿದ ಟಾರ್ಚ್ ತೆಗೆದುಕೊಂಡ. ಇನ್ನೊಂದು ಕೈಯಿಂದ ತಳ್ಳಿದ. ಜೋಕರ್ ಕೂಗಲೂ ಇಲ್ಲ. ಕೆಳಗಿನಿಂದ ಸದ್ದು ಬರಲು ಹಿಡಿದ ಹೊತ್ತಿನಲ್ಲಿ ಮೆಕ್ಯಾನಿಕ್‌ಗೆ ಒಂದು ವಿಷಯ ಅರಿವಾಯಿತು. ಜೋಕರ್ ಇವತ್ತು ಬ್ರೇಕಿನ ಮಾತೇ ಎತ್ತಿರಲಿಲ್ಲ. ಟಾರ್ಚ್ ಒರೆಸಿ ಅಂಚಿನಲ್ಲಿಟ್ಟು ಇಳಿದ. ದಾರಿಯುದ್ದಕ್ಕೂ ಎದುರಾದ ನಾಯಿಗೂ ಹೆದರಿದ.

ಹಿತ್ತಲ ಓಣಿಗೆ ಬಂದಾಗ ಕೇಳಿಸಿದ್ದು ನಗುವಲ್ಲ, ಧಾರಾವಾಹಿಯ ಶೀರ್ಷಿಕೆ ಸಂಗೀತ. ಕುಣಿಯುವಂಥ ಸಣ್ಣ ರಾಗ. ಸರಿ, ಹೊಸ ಕಂತು ಶುರುವಾಯಿತು ಎಂದುಕೊಂಡ. ರಾಗ ಮುಗಿಯಿತು. ಮ್ಯಾನೇಜರು ಮಾತಾಡಲಿಲ್ಲ. ಅದೇ ರಾಗ ಮೊದಲಿನಿಂದ ಹಿಡಿಯಿತು. ಮತ್ತೆ ಮುಗಿಯಿತು, ಮತ್ತೆ ಹಿಡಿಯಿತು. ಓಡಿಹೋಗಬೇಕೆನಿಸಿತು, ಆದರೆ ಓಡಿದರೆ ಮನೆಯಲ್ಲಿರಲಿಲ್ಲ ಎಂದು ತಾನೇ ಒಪ್ಪಿಕೊಂಡಂತೆ. ಹಿಂಬಾಗಿಲು ತಳ್ಳಿದ.

ಮನೆ ತುಂಬ ಜನ. ಮುರಿದ ಮುಂಬಾಗಿಲು ಗೋಡೆಗೆ ಒರಗಿತ್ತು. ಮೂಲೆಮನೆಯ ಡಾಕ್ಟರು ಚೀಲ ಹಿಡಿದು ನಿಂತಿದ್ದರು, ಪಕ್ಕದಲ್ಲಿ ಬೀಟ್ ಪೊಲೀಸ್.

"ಅಯ್ಯೋ ಮಗನೇ, ಬದುಕಿದ್ದೀಯಾ," ಎಂದು ಟೀಚರಮ್ಮ ಅವನ ಕೈ ಹಿಡಿದು ಅತ್ತರು. "ಒಂದೇ ಹಾಡು, ಒಂದೇ ಹಾಡು. ಗೋಡೆ ಬಡಿದೆ, ಬಾಗಿಲು ಬಡಿದೆ, ಫೋನ್ ಮಾಡಿದ್ರೆ ಒಳಗೇ ಬಡ್ಕೊಳ್ತಾ ಇದೆ. ನೀನು ಎದೆ ಹಿಡ್ಕೊಂಡು ಬಿದ್ದಿದ್ದೀಯ ಅಂತ ನಾನೇ ಇವರನ್ನೆಲ್ಲ ಕರೆದೆ. ಗಾಬರೀಲಿ ಹಿಂಬಾಗಿಲು ಯಾರಿಗೂ ಹೊಳೀಲಿಲ್ಲ, ಮುಂದಿನದನ್ನೇ ಮುರಿಸಿದೆ."

ಪೊಲೀಸಿನವನು ಅಳಲಿಲ್ಲ. ಚಿಲಕವನ್ನೊಮ್ಮೆ, ಹಿಂಬಾಗಿಲನ್ನೊಮ್ಮೆ, ಅವನ ಅಂಗೈಯ ಎಣ್ಣೆಯನ್ನೊಮ್ಮೆ ನೋಡಿ ಮೆಲ್ಲಗೆ ಕೇಳಿದ: "ಒಳಗಿಂದ ಚಿಲಕ ಹಾಕಿ, ಟಿವಿ ಹಾಕಿಟ್ಟು, ಎಲ್ಲಿಗೆ ಹೋಗಿದ್ರಿ?"

ಮೆಕ್ಯಾನಿಕ್ ಅಂಗೈಯನ್ನು ಅಂಗಿಗೆ ಒರೆಸಿಕೊಂಡ. ಬಾಗಿಲಿಗೆ ಬೀಗ ಜಡಿದು ಸುಮ್ಮನೆ ಹೋಗಿದ್ದರೆ ಈ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ಕಣ್ಣು ಟಿವಿಯ ಕಡೆ ಹೋಯಿತು. ಹಳೆಯ ಸೀಸನ್ನುಗಳ ಡಿಸ್ಕುಗಳಲ್ಲಿ ಒಂದು ಕಂತು ಮುಗಿದರೆ ಮುಂದಿನದು ತಾನಾಗಿಯೇ ಓಡುತ್ತಿತ್ತು. ಈ ಹೊಸ ಡಿಸ್ಕು ಮೊದಲ ಕಂತನ್ನು ಮುಗಿಸಿದ್ದೇ ಕಂತುಗಳ ಹೆಸರಿರುವ ಪರದೆಗೆ ಮರಳಿ, ಮನೆಯಲ್ಲಿ ಯಾರಾದರೂ ಇದ್ದರೆ ಎರಡನೆಯದರ ಮೇಲೆ ಗುಂಡಿ ಒತ್ತಲಿ ಎಂದು ಅದೇ ರಾಗ ನುಡಿಸುತ್ತ ಮಧ್ಯಾಹ್ನವೆಲ್ಲ ಕಾದಿತ್ತು.