ದೊಡ್ಡ ಮನಸ್ಸಿನವನ ಹೆಂಡತಿ

"ಇದರಲ್ಲಿ ಏನು ಬೆರೆಸಿದೀರಿ?"

ಸೊಸೆ ಪುಡಿಯ ಡಬ್ಬವನ್ನು ಊಟದ ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಲೋಟ ಉರುಳಿ, ನೀರು ಅತ್ತೆಯ ಮಡಿಲಿಗೆ ಹರಿಯಿತು. ಅತ್ತೆ ಏಳಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಮಗ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಸೊಸೆ ಇನ್ನೂ ಬಸ್ ಕಂಡಕ್ಟರ್ ಸಮವಸ್ತ್ರದಲ್ಲೇ ಇದ್ದಳು. ಹೆಗಲಲ್ಲಿ ಟಿಕೆಟ್ ಚೀಲ, ಬಿಳಿಚಿದ ಮುಖ, ನಡುಗುವ ಕೈ. ಅದು ಸಿಟ್ಟಿನ ನಡುಕವೂ ಹೌದು, ಕೆಲವು ವಾರಗಳಿಂದ ಅವಳನ್ನು ಹಿಂಡುತ್ತಿದ್ದ ಇನ್ನೊಂದು ನಡುಕವೂ ಹೌದು.

ಹಿಂದೆ ಅವಳು ಬಸ್ಸಿನಲ್ಲಿ ಸೀಟುಗಳ ನಡುವೆ ಅಡ್ಡಡ್ಡಲಾಗಿ ನಡೆಯುತ್ತಿದ್ದಳು. ನೇರವಾಗಿ ನಡೆಯಲು ಜಾಗ ಸಾಲುತ್ತಿರಲಿಲ್ಲ. ದಿನವೂ ಬರುವ ಪ್ರಯಾಣಿಕರು ಅವಳಿಗಿಟ್ಟ ಹೆಸರು 'ಡಬಲ್ ಟಿಕೆಟ್'. ಅದನ್ನು ಕೇಳಿ ಎಲ್ಲರಿಗಿಂತ ಮೊದಲು ಅವಳೇ ನಗುತ್ತಿದ್ದಳು. ತಾನು ಮೊದಲು ನಕ್ಕರೆ ಬೇರೆಯವರ ನಗು ಸ್ವಲ್ಪ ಕಡಿಮೆ ಚುಚ್ಚುತ್ತದೆ ಎಂಬುದು ದಪ್ಪಗಿರುವವರಿಗೆಲ್ಲ ಗೊತ್ತಿರುವ ವಿದ್ಯೆ. ಅವಳನ್ನು ಮದುವೆಯಾದವನು ಔಷಧಿ ಅಂಗಡಿಯವನು. ತೆಳ್ಳಗಿನ, ಸೌಮ್ಯ ಮಾತಿನ, ತಣ್ಣೀರನ್ನೂ ಆರಿಸಿ ಕುಡಿಯುವ ಮನುಷ್ಯ. ಮದುವೆಯಾದ ದಿನದಿಂದ ಬೀದಿಯವರೆಲ್ಲ ಅವನಿಗೊಂದು ಬಿರುದು ಕೊಟ್ಟಿದ್ದರು. "ಎಷ್ಟು ದೊಡ್ಡ ಮನಸ್ಸಪ್ಪ ನಿಂದು" ಎಂದು ಅವಳ ಎದುರಿಗೇ ಹೇಳುತ್ತಿದ್ದರು. ದೊಡ್ಡ ಮನಸ್ಸಂತೆ! ಹೆಂಡತಿಯ ಮೈ ದಪ್ಪಗಿದ್ದರೆ ಗಂಡನಿಗೆ ಪುಣ್ಯ ಬರುತ್ತದೆಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ! ಆದರೆ ಅವಳೂ ಅದನ್ನು ನಂಬಿದ್ದಳು. ಪಾಪ, ಕೃತಜ್ಞತೆಯಿಂದ ಅವನ ಚಪ್ಪಲಿಯನ್ನೂ ಒರೆಸಿ ಇಡುತ್ತಿದ್ದಳು.

ಮೊಣಕಾಲು ಸವೆದು, ಸಕ್ಕರೆ ಕಾಯಿಲೆ ಬಂದು, ಮಲಗಿದರೆ ಉಸಿರು ಕಟ್ಟುವಂತಾದಾಗ ವೈದ್ಯರು ಹೊಟ್ಟೆಯನ್ನು ಚಿಕ್ಕದು ಮಾಡುವ ಆಪರೇಷನ್ ಆಗಲೇಬೇಕು ಎಂದರು. ಗಂಡನೇ ಕರೆದುಕೊಂಡು ಹೋಗಿ ಮಾಡಿಸಿದ. ಅದನ್ನೂ ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡ. ಬಿರುದಿಗೆ ಇನ್ನೊಂದು ಗರಿ ಸೇರಿತು. ಅವಳು ಅರ್ಧಕ್ಕರ್ಧ ಇಳಿದಳು. ಇಳಿಯದೆ ಉಳಿದದ್ದು ಚರ್ಮ ಮಾತ್ರ. ತೋಳು, ಹೊಟ್ಟೆ, ತೊಡೆಗಳಲ್ಲಿ ಅದು ಹತ್ತಿ ತೆಗೆದ ದಿಂಬಿನ ಚೀಲದಂತೆ ಜೋತುಬಿದ್ದಿತ್ತು. ಅದಕ್ಕೇನಾದರೂ ಮಾಡಲು ಸಾಧ್ಯವೇ ಎಂದು ಕೇಳಲು ಹೋದದ್ದು ಬಸ್ ನಿಲ್ದಾಣದ ಹಿಂದಿನ ಜಿಮ್‌ಗೆ. ಅದನ್ನು ನಡೆಸುತ್ತಿದ್ದ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅಕ್ಕ ಅವಳ ತೋಳನ್ನು ಹಿಡಿದು ನೋಡಿ, "ಚರ್ಮ ಚಿಕ್ಕದು ಮಾಡೋಕೆ ನನ್ನ ಕೈಲಿ ಆಗಲ್ಲಮ್ಮ. ಒಳಗಿಂದ ತುಂಬಿಸಬಹುದು, ಅಷ್ಟೇ" ಎಂದಳು.

ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಳ್ಳುತ್ತಾರೆಂದು ಗಾದೆ. ಇವಳು ಜಿಮ್‌ನ ಕಬ್ಬಿಣದ ಮೇಲೆ ತೀರಿಸಿಕೊಂಡಳು. ಕೋಪಕ್ಕೇನೂ ಬರವಿರಲಿಲ್ಲ, ಅತ್ತೆಯದು ಎಲುಬಿಲ್ಲದ ನಾಲಿಗೆ. "ಮೊದಲು ಎರಡಾಳಿನ ಊಟ ಮಾಡ್ತಿದ್ದೆ, ಈಗ ಎರಡಾಳಿನ ಭಾರ ಎತ್ತುತೀಯಾ. ಹೆಂಗಸಿನ ಥರ ಯಾವಾಗ ಇರ್ತೀಯಾ?" ಇಂಥ ಒಂದೊಂದು ಮಾತಿಗೂ ಅವಳ ಬೆನ್ನು ಒಂದೊಂದು ಎಳೆ ಗಟ್ಟಿಯಾಯಿತು. ದೇಹದಾರ್ಢ್ಯ ಸ್ಪರ್ಧೆಗೆ ನಿಲ್ಲು ಎಂದು ಅಕ್ಕ ಹೇಳಿದ ದಿನ ಅವಳು ಬಸ್ಸಿನಲ್ಲಿ ಯಾರೂ ಕಾಣದಂತೆ ಕಿಟಕಿಯ ಕಡೆ ತಿರುಗಿ ಅತ್ತಿದ್ದಳು. ಹುಟ್ಟಿದಾಗಿನಿಂದ ಬಚ್ಚಿಡಬೇಕಾಗಿದ್ದ ಮೈಯನ್ನು ಒಮ್ಮೆ ದೀಪದ ಕೆಳಗೆ ನಿಲ್ಲಿಸಿ, ಇದು ನಾನು ಕಟ್ಟಿದ್ದು ಎನ್ನಬೇಕು. ಗೆಲ್ಲುವ ಆಸೆಯೇ ಇರಲಿಲ್ಲ. ನಿಲ್ಲಬೇಕಿತ್ತು, ಅಷ್ಟೇ.

"ನಿಲ್ಲು. ಅಮ್ಮನ್ನ ನಾನು ನೋಡ್ಕೋತೀನಿ" ಎಂದಿದ್ದ ಗಂಡ.

ಆಮೇಲೆ ಆ ನಡುಕ ಶುರುವಾಯಿತು. ಊಟ ಹೆಚ್ಚು ಹಿಡಿಯದ ಹೊಟ್ಟೆಗೆಂದು ಅಕ್ಕ ಕೊಟ್ಟಿದ್ದ ಪ್ರೋಟೀನ್ ಪುಡಿಯನ್ನು ನೀರಿಗೆ ಬೆರೆಸಿ ಕುಡಿದ ಸ್ವಲ್ಪ ಹೊತ್ತಿಗೆ ಎದೆ ಡವಡವ, ಮೈಯೆಲ್ಲ ತಣ್ಣನೆಯ ಬೆವರು, ಕಣ್ಣು ಕತ್ತಲೆ. ಓಡುವ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಲೇ ನೆಲಕ್ಕೆ ಕುಸಿದು ಕೂರುತ್ತಿದ್ದಳು. ಆಪರೇಷನ್ ಆದ ಹೊಟ್ಟೆಗೆ ಸಿಹಿ ಒಮ್ಮೆಲೇ ಬಿದ್ದರೆ ಹೀಗಾಗುತ್ತದೆ, ಸಕ್ಕರೆಯ ಹತ್ತಿರ ಸುಳಿಯಬೇಡ ಎಂದು ವೈದ್ಯರು ಗಂಡಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ಅವಳು ಸುಳಿದಿರಲಿಲ್ಲ. "ಕದ್ದು ಸಿಹಿ ತಿಂತಿದೀಯಾ?" ಎಂದು ಅಕ್ಕ ಎಲ್ಲರ ಮುಂದೆ ಗದರಿದಾಗ ಭೂಮಿಗಿಳಿದುಹೋದಳು. ಕೊನೆಗೆ ಅಕ್ಕನೇ ಡಬ್ಬ ತರಿಸಿ, ಪುಡಿಯನ್ನು ಕಾಗದದ ಮೇಲೆ ಸುರಿದಳು. ಕೆನೆಬಣ್ಣದ ಪುಡಿಯ ನಡುವೆ ಬೆಳ್ಳಗೆ ಇನ್ನೇನೋ ಮಿಣುಗುತ್ತಿತ್ತು. ಅಕ್ಕ ನಾಲಿಗೆಗೆ ತಾಗಿಸಿ ನೋಡಿ, "ಇದನ್ನ ನಾನು ಕೊಟ್ಟಿಲ್ಲ" ಎಂದಳು. ಪುಡಿಗೆ ಮೊದಲೇ ಸಿಹಿಯ ರುಚಿ ಹಾಕಿದ್ದರಿಂದ ಕುಡಿದವಳಿಗೆ ಗೊತ್ತಾಗಿರಲಿಲ್ಲ.

ಆ ಡಬ್ಬವೇ ಈಗ ಮೇಜಿನ ಮೇಲೆ ಕುಳಿತಿತ್ತು.

"ನಾನೇ ಹಾಕಿದ್ದು" ಎಂದಳು ಅತ್ತೆ, ಮಡಿಲಿನ ನೀರನ್ನು ಒರೆಸಿಕೊಳ್ಳದೆ. "ಸಕ್ಕರೆ ಪುಡಿ ಮಾಡಿ ಹಾಕಿದೆ. ಏನೀಗ? ನೇಣಿಗೆ ಹಾಕ್ತೀಯಾ?"

ಸೊಸೆಯ ಸಿಟ್ಟಿನ ಕಟ್ಟೆ ಒಡೆಯಿತು.

"ನೀವು ಹೆಂಗಸಾ ಅತ್ತೆ? ಬಸ್ಸಲ್ಲಿ ಬಿದ್ದು ತಲೆ ಒಡ್ಕೊಂಡಿದ್ರೆ? ದಪ್ಪಗಿದ್ದಾಗ ತಟ್ಟೆ ನೋಡಿ ಆಡ್ಕೊಂಡ್ರಿ, ಸಹಿಸ್ಕೊಂಡೆ. ಸಣ್ಣಗಾದೆ, ರೋಗಿ ಅಂದ್ರಿ, ಸಹಿಸ್ಕೊಂಡೆ. ಈಗ ನನ್ನ ಬಾಯಿಗೇ ವಿಷ ಹಾಕ್ತೀರಾ? ನಾನು ನಿಮಗೆ ಏನು ಮಾಡಿದೀನಿ? ನಿಮ್ಮ ಬಟ್ಟೆ ಗುಂಡಿ ಹಾಕೋಳು ನಾನು, ತಲೆ ಬಾಚೋಳು ನಾನು..."

ಅತ್ತೆ ಎದುರು ಮಾತಾಡಲಿಲ್ಲ. ಒಂದಕ್ಕೆ ಹತ್ತು ಆಡುವ ಅತ್ತೆ! ಸೊಸೆ ಅದನ್ನೂ ಸೊಕ್ಕು ಎಂದುಕೊಂಡು ಇನ್ನಷ್ಟು ಕೆರಳಿದಳು. ಆಗ ಗಂಡ ಮೆಲ್ಲನೆ ಬಾಯಿಬಿಟ್ಟ.

"ಹೋಗ್ಲಿ ಬಿಡು. ವಯಸ್ಸಾದವರು, ತಿಳಿಯದೆ ಮಾಡಿದಾರೆ. ಈ ಸಲ ಸ್ಪರ್ಧೆ ಬೇಡ. ಮೈ ಸುಧಾರಿಸಿಕೊಳ್ಳಲಿ, ಮುಂದೆ ನೋಡೋಣ."

ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಆದರೆ ಸೊಸೆಯ ಕಣ್ಣು ಆಗ ಅತ್ತೆಯ ಕೈಯ ಮೇಲಿತ್ತು. ಗಂಟುಗಂಟಾಗಿ ಊದಿ ಸೊಟ್ಟಗಾದ ಬೆರಳುಗಳು. ಔಷಧಿ ಬಾಟಲಿಯ ಮುಚ್ಚಳವನ್ನೂ ಬೇರೆಯವರು ತೆಗೆದುಕೊಡಬೇಕು. ತಾನೇ ಈಗ ಹೇಳಿದಳಲ್ಲ, ಗುಂಡಿ ಹಾಕುವವಳು ತಾನೆಂದು. ಅವಳು ಡಬ್ಬವನ್ನು ಮುಂದೆ ತಳ್ಳಿದಳು.

"ಇದರ ಮುಚ್ಚಳ ತೆಗೀರಿ ಅತ್ತೆ."

"ಯಾಕೆ?"

"ತೆಗೀರಿ. ನಾನು ದಿನಾ ಮುಚ್ಚೋವಷ್ಟೇ ಬಿಗಿಯಾಗಿ ಮುಚ್ಚಿದೀನಿ."

ಅತ್ತೆ ಎರಡೂ ಕೈಯಿಂದ ಹಿಡಿದಳು. ತಿರುಗಿಸಿದಳು. ಬೆರಳು ಜಾರಿತು. ಎದೆಗೆ ಒತ್ತಿಕೊಂಡು ಮತ್ತೆ ತಿರುಗಿಸಿದಳು. ನೋವಿಗೆ ತುಟಿ ಕಚ್ಚಿದಳೇ ಹೊರತು ಬಿಡಲಿಲ್ಲ. ಮುಚ್ಚಳ ಕದಲಲಿಲ್ಲ. ಅತ್ತೆಯ ಕಣ್ಣಲ್ಲಿ ನೀರು ತುಂಬಿತು...

"ಸಾಕು ನಿಲ್ಸೇ" ಎಂದು ಗಂಡ ಡಬ್ಬ ಕಿತ್ತುಕೊಂಡ. "ಒಂದೆರಡು ಚಮಚ ಗ್ಲೂಕೋಸ್‌ಗೆ ಇಷ್ಟೊಂದು ರಾದ್ಧಾಂತ ಬೇಕಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗ್ಲೂಕೋಸ್ ಎಂದು ಆ ಕೋಣೆಯಲ್ಲಿ ಯಾರೂ ಹೇಳಿರಲಿಲ್ಲ. ಅವನ ಅಂಗಡಿಯ ಗಲ್ಲಾದ ಹಿಂದೆಯೇ ಅದರ ಡಬ್ಬಗಳು ಸಾಲಾಗಿ ಇರುತ್ತಿದ್ದವು.

ಸೊಸೆ ಟಿಕೆಟ್ ಚೀಲವನ್ನು ಹೆಗಲಿನಿಂದ ಇಳಿಸಿ ಕುರ್ಚಿಯ ಮೇಲಿಟ್ಟಳು. ಅವಳ ದನಿ ಏರಲಿಲ್ಲ. ಅದೇ ಭಯ ಹುಟ್ಟಿಸುವಂತಿತ್ತು.

"ಅತ್ತೆಗಾದ್ರೆ ಅದು ನನಗೆ ಏನು ಮಾಡುತ್ತೆ ಅಂತ ಗೊತ್ತಿಲ್ಲ. ನಿಮಗೆ ಗೊತ್ತಿತ್ತು."

"ಸಾಯಲ್ಲ ಅಂತಲೂ ಗೊತ್ತಿತ್ತು." ಮೆತ್ತನೆಯ ಮನುಷ್ಯನ ಮುಖ ಮೊದಲ ಬಾರಿಗೆ ಗಡುಸಾಯಿತು. "ಅಂಗೈ ಅಗಲದ ಬಟ್ಟೆ ಹಾಕ್ಕೊಂಡು ಊರಿಗೆಲ್ಲ ಮೈ ತೋರಿಸ್ತೀಯಾ. ಅಂಗಡಿಗೆ ಬರೋರು ಏನಂತಾರೆ ಗೊತ್ತಾ? ಹುಷಾರಪ್ಪ, ಹೆಂಡತಿ ಕೈ ಎತ್ತಿದ್ರೆ ನೀನಿರಲ್ಲ ಅಂತಾರೆ. ನನ್ನನ್ನ ನೋಡಿ ನಗ್ತಾರೆ. ನೀನು ಬಸ್ಸಲ್ಲಿ ಹಿಡಿಸದೆ ಇದ್ದಾಗ ಮದುವೆ ಆದೋನು ನಾನು. ನಾನಲ್ಲದೆ ಇನ್ಯಾರು ಆಗ್ತಿದ್ರು?"

ಅಲ್ಲಿಗೆ ದೊಡ್ಡ ಮನಸ್ಸಿನ ತಳ ಕಂಡಿತು. ಅವನಿಗೆ ಹೆಂಡತಿ ಬೇಕಾಗಿರಲಿಲ್ಲ. ತಾನು ಎಷ್ಟು ಒಳ್ಳೆಯವನೆಂದು ಊರಿಗೆ ತೋರಿಸಲು ಒಂದು ಭಾರ ಬೇಕಾಗಿತ್ತು. ಭಾರ ಇಳಿದು ಹೆಂಗಸು ಉಳಿದಳು. ಅದನ್ನು ಅವನಿಂದ ಹೊರಲಾಗಲಿಲ್ಲ. ಥೂ!

"ಇಷ್ಟು ವರ್ಷ ಈ ಮಾತನ್ನ ಎಲ್ಲಿ ಇಟ್ಕೊಂಡಿದ್ರಿ?" ಎಂದಷ್ಟೇ ಕೇಳಿದಳು. ಉತ್ತರಕ್ಕೆ ಕಾಯದೆ ಬಟ್ಟೆ ತುಂಬಿಕೊಂಡು ಜಿಮ್‌ನ ಅಕ್ಕನ ಮನೆಗೆ ಹೊರಟುಹೋದಳು. ಬಾಗಿಲಲ್ಲಿ ಅತ್ತೆ ಏನೋ ಹೇಳಲು ಕೈ ಎತ್ತಿದಳು. ಸೊಸೆ ತಿರುಗಿ ನೋಡಲಿಲ್ಲ.

ಸ್ಪರ್ಧೆಯ ದಿನ ಸಭಾಂಗಣದ ಹಿಂದಿನ ಕೋಣೆಯಲ್ಲಿ ಬಣ್ಣದ ವಾಸನೆ ಉಸಿರು ಕಟ್ಟಿಸುತ್ತಿತ್ತು. ದೀಪದ ಬೆಳಕಿನಲ್ಲಿ ಸ್ನಾಯು ಎದ್ದು ಕಾಣಲೆಂದು ಎಲ್ಲರೂ ಮೈಗೆ ಕಂದು ಬಣ್ಣ ಹಚ್ಚಿಕೊಳ್ಳುತ್ತಾರೆ. ಮುಂಭಾಗಕ್ಕೆ ತಾವೇ ಹಚ್ಚಿಕೊಳ್ಳಬಹುದು; ಬೆನ್ನಿಗೆ ಇನ್ನೊಬ್ಬರ ಕೈ ಬೇಕು. ಒಬ್ಬಳಿಗೆ ತಂಗಿ, ಇನ್ನೊಬ್ಬಳಿಗೆ ಗಂಡ, ಮತ್ತೊಬ್ಬಳಿಗೆ ಗೆಳತಿ ಹಚ್ಚುತ್ತಿದ್ದರು. ಅಕ್ಕನನ್ನು ತೀರ್ಪುಗಾರರು ಕರೆಸಿಕೊಂಡಿದ್ದರು. ಸೊಸೆ ಒಬ್ಬಳೇ ಕನ್ನಡಿಗೆ ಬೆನ್ನು ತಿರುಗಿಸಿ, ತೋಳು ಹಿಂದಕ್ಕೆ ಚಾಚಿ ಒದ್ದಾಡುತ್ತಿದ್ದಳು. ಹೆಗಲಿನ ಕೆಳಗೆ ಅರ್ಧ ಬೆನ್ನು ಬೆಳ್ಳಗೇ ಉಳಿದಿತ್ತು. ಇಷ್ಟೆಲ್ಲ ಎತ್ತಿದ ತೋಳಿಗೆ ತನ್ನ ಬೆನ್ನು ಎಟುಕುವುದಿಲ್ಲವಲ್ಲ ಎಂದು ಅವಳಿಗೆ ಅಳು ಉಕ್ಕಿ ಬಂತು.

"ಇದೇನೇ ಇದು, ಗೋಡೆಗೆ ಬಳಿಯೋ ಬಣ್ಣನಾ?"

ಕನ್ನಡಿಯಲ್ಲಿ ಅತ್ತೆ. ಮೈತುಂಬ ಶಾಲು ಹೊದ್ದು, ಅರೆಬೆತ್ತಲೆ ಹೆಂಗಸರ ನಡುವೆ ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡುತ್ತ ನಿಂತಿದ್ದಳು.

"ಯಾಕೆ ಬಂದ್ರಿ? ಮಗನ ಪರವಾಗಿ ಇನ್ನೊಂದು ಸುಳ್ಳು ಹೇಳೋಕಾ?"

ಅತ್ತೆ ಬಣ್ಣದ ಬಟ್ಟಲನ್ನು ಎರಡೂ ಅಂಗೈ ನಡುವೆ ಹಿಡಿದೆತ್ತಿಕೊಂಡಳು. "ತಿರುಗು" ಎಂದಳು. ಸೊಟ್ಟ ಬೆರಳುಗಳಲ್ಲಿ ಬ್ರಷ್ ನಿಲ್ಲಲಿಲ್ಲ. ಅದನ್ನು ಎಸೆದು ಅಂಗೈಗೇ ಬಣ್ಣ ಸುರಿದುಕೊಂಡು ಬಳಿಯತೊಡಗಿದಳು. ಸೊಂಟದ ಹತ್ತಿರ ಜೋತುಬಿದ್ದ ಚರ್ಮ ಸಿಕ್ಕಿತು. ಕೈ ಅಲ್ಲೇ ನಿಂತಿತು. ಸೊಸೆಯ ಮೈಯನ್ನು ದಿನವೂ ಆಡಿಕೊಂಡವಳು ಅದನ್ನು ಮುಟ್ಟಿದ್ದು ಇದೇ ಮೊದಲು. ಮಡಿಕೆಯನ್ನು ಎತ್ತಿ, ಒಳಗೂ ಬಣ್ಣ ಹಚ್ಚಿ, ನಿಧಾನವಾಗಿ ಇಳಿಸಿದಳು.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನಿನಗನಿಸಿರುತ್ತೆ" ಎಂದಳು ಅತ್ತೆ. "ಅವನು ಬೆರೆಸೋದನ್ನ ನಾನು ನೋಡಿದ್ದು ಅವತ್ತು ಬೆಳಿಗ್ಗೆನೇ. ಬೈದೆ. ನಗ್ತಾ ಹೊರಟುಹೋದ. ಸಂಜೆ ನೀನು ಡಬ್ಬ ಕುಕ್ಕಿದಾಗ ನನಗೆ ಒಂದೇ ತೋಚಿದ್ದು. ಅತ್ತೆ ಮೇಲಿನ ಸಿಟ್ಟು ಅಭ್ಯಾಸ ಆಗುತ್ತೆ ಕಣೇ. ಅದನ್ನ ಇಟ್ಕೊಂಡು ಸಂಸಾರ ಮಾಡಬಹುದು. ಗಂಡನ ಮೇಲೆ ಸಿಟ್ಟು ಬಂದ್ರೆ ಮನೆಯೊಳಗೆ ನಿಲ್ಲೋಕೆ ಜಾಗನೇ ಇರಲ್ಲ. ನಾನು ಹಾಗೇ ಬದುಕಿದೋಳು. ನಿನಗೆ ಬೇಡ ಅನ್ನಿಸ್ತು. ನನ್ನ ಮೇಲೆ ಹೇಗೂ ಇತ್ತಲ್ಲ, ಇನ್ನಷ್ಟು ಇರಲಿ ಅಂದ್ಕೊಂಡೆ."

ಸೊಸೆ ಕನ್ನಡಿಯಲ್ಲಿ ಆ ಮುದುಕಿಯನ್ನು ನೋಡಿದಳು. ಸಿಟ್ಟು ಇಳಿಯಲಿಲ್ಲ, ಇಳಿಯಬೇಕಾಗಿಯೂ ಇರಲಿಲ್ಲ. ಆದರೆ ಅದು ಇಷ್ಟು ವರ್ಷ ತಪ್ಪು ವಿಳಾಸಕ್ಕೆ ಹೋಗುತ್ತಿತ್ತಲ್ಲ ಎಂದು ಅವಳಿಗೆ ಈಗ ಹೊಳೆಯಿತು.

"ಅವನನ್ನ ಕ್ಷಮಿಸು ಅಂತ ಹೇಳೋಕೆ ಬಂದಿಲ್ಲ" ಎಂದು ಅತ್ತೆ ಕೈ ಒರೆಸಿಕೊಂಡಳು. "ಹೋಗು, ನಿಂತು ಬಾ. ಅಳಬೇಡ, ಬಣ್ಣ ಕಿತ್ತುಹೋಗುತ್ತೆ."

ವೇದಿಕೆಯ ಮೇಲೆ ಅವಳ ಸಂಖ್ಯೆ ಕರೆದರು. ತೋಳು ಎತ್ತಿದಳು. ಹೆಗಲು, ಬೆನ್ನು, ತೊಡೆಗಳ ಸ್ನಾಯು ಕಲ್ಲಿನಂತೆ ಎದ್ದವು. ತೋಳಿನಡಿ ಚರ್ಮವೂ ಜೋತಾಡಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವಳು ನಗಲಿಲ್ಲ. ನಗು ಬಂದ ಕಡೆಗೇ ತಿರುಗಿ, ತೋಳನ್ನು ಹಾಗೇ ಎತ್ತಿ ಹಿಡಿದು, ನಗು ನಿಲ್ಲುವವರೆಗೂ ನಿಂತಳು. ಬಹುಮಾನ ಬೇರೆಯವರ ಪಾಲಾಯಿತು. ಅಕ್ಕ ಮಾತ್ರ ಕೆಳಗೆ ನಿಂತು ಮೂಗು ಒರೆಸಿಕೊಳ್ಳುತ್ತಿದ್ದಳು.

ಮೆಟ್ಟಿಲಿಳಿದು ಓಣಿಗೆ ಬಂದಾಗ ಗಂಡ ನಿಂತಿದ್ದ. ಕಣ್ಣು ಕೆಂಪಾಗಿತ್ತು. ಕೈಯಲ್ಲಿ ನೀರಿನ ಬಾಟಲಿ.

"ತಪ್ಪಾಯ್ತು" ಎಂದ. "ಮನೆಗೆ ಬಾ. ತಗೋ, ಕುಡಿ."

ಸ್ಪರ್ಧೆಗೆಂದು ಅವಳು ನೀರನ್ನೂ ಕಡಿಮೆ ಮಾಡಿದ್ದಳು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಕೈ ತಾನಾಗಿಯೇ ಮುಂದೆ ಹೋಯಿತು... ಅಲ್ಲೇ ನಿಂತಿತು. ಅವಳಿಗೆ ಸುಲಭವಾಗಲೆಂದು ಅವನು ಬಾಟಲಿಯನ್ನು ಮೊದಲೇ ತೆರೆದು ಹಿಡಿದಿದ್ದ. ಬಹುಶಃ ಪ್ರೀತಿಯಿಂದಲೇ ತೆರೆದಿದ್ದ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಮನೆಗೆ ಬರ್ತೀನಿ. ಅದು ನನ್ನ ಮನೆನೂ ಹೌದು. ಆದ್ರೆ ನಿಮ್ಮ ಕೈಯಿಂದ ನೀರು ಕುಡಿಯೋಕೆ ನನ್ನಿಂದ ಆಗ್ತಿಲ್ಲ. ಯಾವತ್ತಾಗುತ್ತೆ ಅಂತ ಕೇಳಬೇಡಿ. ನನಗೂ ಗೊತ್ತಿಲ್ಲ."

ಓಣಿಯ ಕೊನೆಯಲ್ಲಿ ಒಂದು ನಲ್ಲಿ ಇತ್ತು. ಅವಳು ಬಗ್ಗಿ, ಬೊಗಸೆಯೊಡ್ಡಿ, ತನ್ನ ಹೊಟ್ಟೆ ಒಪ್ಪುವಷ್ಟು ಮಾತ್ರ ಗುಟುಕು ಗುಟುಕಾಗಿ ಕುಡಿದಳು. ಅತ್ತೆ ಅವಳ ಚೀಲವನ್ನು ಮೊಣಕೈಗೆ ನೇತುಹಾಕಿಕೊಂಡು ಬಂದು ಪಕ್ಕದಲ್ಲಿ ನಿಂತಳು. ಮಗನ ಕಡೆ ನೋಡಲಿಲ್ಲ. ಅವನು ತೆರೆದ ಬಾಟಲಿಯನ್ನು ಹಿಡಿದುಕೊಂಡು ಅಲ್ಲೇ ನಿಂತಿದ್ದ.