ಬ್ಯಾರಿಯರ್ ಮೇಲಿನ ಮೂರು ಗೆರೆ

"ನನ್ನ ಮಗ ಕೊಲಿ ಮಾಡ್ಯಾನ ಅಂತಾರ್ರೀ ಬಾಯಾರ. ರಕ್ತ ಕಂಡ್ರ ತಲಿ ತಿರಗಿ ಬೀಳಾಂವ ಅಂವ!"

ಬಾಗಿಲಲ್ಲಿ ನಿಂತು ಹೀಗೆಂದ ಮುದುಕವ್ವನಿಗೆ ಪದ್ಮಾವತಿ ಮೊದಲು ನೀರು ಕೊಟ್ಟರು. ಮೂವತ್ತು ವರ್ಷ ನರ್ಸಾಗಿದ್ದವರು. ಅಳುವವರನ್ನು ಕೂರಿಸುವುದು ಅವರ ಕೆಲಸ, ಕೇಳುವುದು ಎದುರು ಮನೆಯ ಹೇಮಲತಾ ಅವರದು. ಪೀಣ್ಯದ ಕಾರ್ಖಾನೆಗಳಲ್ಲಿ ಬೋಲ್ಟು ಬೇರಿಂಗುಗಳ ತಪಾಸಣೆ ಮಾಡಿ ನಿವೃತ್ತರಾದ ಹೇಮಲತಾ ಟಿ. ದಾಸರಹಳ್ಳಿಯ ಆ ಅಪಾರ್ಟ್‌ಮೆಂಟಿಗೇ ಪತ್ತೇದಾರಿಣಿ. ಎಷ್ಟೋ ಕೇಸು ಬಿಡಿಸಿಕೊಟ್ಟು ಪೊಲೀಸರಿಗೂ ಬೇಕಾದವರಾಗಿದ್ದರು.

ಸಂಗತಿ ಇಷ್ಟು. ಐದು ದಿನದ ಹಿಂದೆ, ಬೆಳಗಿನ ಶಿಫ್ಟಿಗೆ ಬೈಕಿನಲ್ಲಿ ಹೊರಟ ಬಾಲಾಜಿ ಪೀಣ್ಯದ ಸರ್ವಿಸ್ ರಸ್ತೆಯ ತಿರುವಿನಲ್ಲಿ ಸತ್ತು ಬಿದ್ದಿದ್ದ. ತಲೆಯ ಮೇಲೆ ಹೆಲ್ಮೆಟ್ ಹಾಗೇ ಇತ್ತು. ಅದರ ಕೆಳಗೆ, ಕತ್ತಿನ ಎಡಕ್ಕೆ, ಒಂದೇ ಒಂದು ಆಳವಾದ ಗಾಯ. ಹಿಂದಿನ ದಿನ ಕಾರ್ಖಾನೆಯಲ್ಲಿ ಜಗಳವಾದಾಗ ಮುದುಕವ್ವನ ಮಗ ಈರೇಶ್, "ಮಚ್ಚು ಬೀಸ್ತೀನಿ ನೋಡು" ಎಂದು ಹತ್ತು ಜನರೆದುರು ಬಾಲಾಜಿಯ ಮೇಲೆ ಕೂಗಾಡಿದ್ದ. ಇನ್ನೇನು ಬೇಕು? ಹಿಡಿದು ಒಳಗೆ ಹಾಕಿದರು.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಲಾವಣ್ಯ ಮರಣೋತ್ತರ ಪರೀಕ್ಷೆಯ ವರದಿ ಮುಂದಿಟ್ಟರು. ಪದ್ಮಾವತಿ ಓದುತ್ತ ಓದುತ್ತ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಗಾಯದೊಳಗೆ ಬೂದು ಬಣ್ಣದ ಲೋಹದ ಪುಡಿ ಅಂತಿದೆ. ಮಚ್ಚಿನಿಂದ ಪುಡಿ ಉದುರುತ್ತಾ?"

"ರಸ್ತೆ ಬದಿಯ ಉಕ್ಕಿನ ಬ್ಯಾರಿಯರ್‌ಗೆ ಉಜ್ಜಿರಬಹುದು ಮೇಡಂ. ಆದ್ರೆ ಮಾರನೇ ದಿನ ಹೋಗಿ ಕೈಯಾಡಿಸಿ ನೋಡಿದ್ವಿ. ಅವನು ಬಿದ್ದ ಜಾಗದಲ್ಲಿ ನುಣ್ಣಗಿದೆ. ಕೊಯ್ಯೋ ಅಂಥದ್ದು ಏನೂ ಇಲ್ಲ," ಎಂದರು ಲಾವಣ್ಯ.

ಶವ ಎತ್ತುವ ಮೊದಲು ತೆಗೆದ ಫೋಟೊವನ್ನು ಹೇಮಲತಾ ತಮ್ಮ ಮೊಬೈಲಿಗೆ ಕಳಿಸಿಕೊಂಡರು.

ಇಬ್ಬರೂ ಹೋಗಿ ನೋಡಿದರೆ, ತಿರುವಿನಲ್ಲಿ ಲಾರಿಗಳಿಂದ ಚೆಲ್ಲಿದ ಎಂ-ಸ್ಯಾಂಡ್ ಮರಳು ಇನ್ನೂ ಹಾಗೇ ಬಿದ್ದಿತ್ತು. ರಸ್ತೆಯ ಎಡಕ್ಕೆ, ಉದ್ದಕ್ಕೂ, ಎರಡು ತಿಂಗಳ ಹಿಂದೆ ಹಾಕಿದ ಉಕ್ಕಿನ ಕ್ರ್ಯಾಶ್ ಬ್ಯಾರಿಯರ್. ಒಂದು ಪಟ್ಟಿಯ ತುದಿ ಇನ್ನೊಂದರ ಮೇಲೆ ಒಂದಡಿ ಹತ್ತಿ ಕೂತು, ಪಟ್ಟಿಗಳೆಲ್ಲ ಎಂಟೆಂಟು ಬೋಲ್ಟಿನಿಂದ ಬಿಗಿಯಾಗಿದ್ದವು. ಬಾಲಾಜಿ ಬಿದ್ದ ಜಾಗದ ಎದುರಿಗೇ ಆವಲಪ್ಪನ ಪಂಕ್ಚರ್ ಅಂಗಡಿ. ಟ್ಯೂಬುಗಳೆಲ್ಲ ಬ್ಯಾರಿಯರ್ ಮೇಲೆ ನೇತಾಡುತ್ತಿದ್ದವು; ಅದರ ಮೇಲೆ ವಿಭೂತಿಯ ಹಾಗೆ ಮೂರು ಬಿಳಿ ಗೆರೆ.

"ಆಯುಧಪೂಜೆ ದಿನ ಎಳ್ದಿದ್ದು ಮೇಡಂ. ನನ್ನ ಅನ್ನದ ಸಾಮಾನೆಲ್ಲ ಇದರ ಮ್ಯಾಲೇ ಅಲ್ವಾ? ಮಳೆಗೆ ಓಗ್ಬಾರ್ದು ಅಂತ ಪೇಂಟಲ್ಲೇ ಎಳ್ದೆ. ಈ ಕೈಯಿಂದ ಆ ಕೈವರ್ಗೂ ಒಂದೇ ಉದ್ದಕ್ಕೆ. ಮಧ್ಯ ಅದೆಂಗೆ ಅಳಿಸೋಯ್ತೋ!"

ನಡುವೆ ಒಂದಡಿಯಷ್ಟು ಗೆರೆ ಇರಲೇ ಇಲ್ಲ. ಅಲ್ಲಿ ಪಟ್ಟಿ ಉಳಿದ ಕಡೆಗಿಂತ ಹೊಸದಾಗಿ ಹೊಳೆಯುತ್ತಿತ್ತು.

"ಇಲ್ಲಿ ಯಾರಾದ್ರೂ ಕೆಲಸ ಮಾಡಿದ್ರಾ?" ಹೇಮಲತಾ ಕೇಳಿದರು.

"ಆ ಉಡುಗ ಸತ್ತ ದಿನ, ನಾನು ಅಂಗಡಿ ತೆಗೆಯೋ ಒತ್ತಿಗೆ, ಕಿತ್ತಳೆ ಜಾಕೀಟಿನವನೊಬ್ಬ ಸ್ಪ್ಯಾನರ್ ಇಡ್ಕೊಂಡು ಓಯ್ತಿದ್ದ. ಮುಖ ಕಾಣ್ಲಿಲ್ಲ. ರೋಡ್ ಕೆಲಸದೋರು ಬತ್ತಾ ಇರ್ತಾರಲ್ಲ."

ಹೇಮಲತಾ ಬೋಲ್ಟುಗಳನ್ನೇ ನೋಡುತ್ತಿದ್ದರು. ಒಂದೊಂದರ ಮೇಲೂ ಹಳದಿ ಪೇಂಟಿನ ಚುಕ್ಕೆಯಿತ್ತು. ಕಾದು ಬೇಸತ್ತ ಪದ್ಮಾವತಿ ಗಾಡಿಗಳು ಹೋಗುವ ದಿಕ್ಕಿಗೇ ನಾಲ್ಕು ಹೆಜ್ಜೆ ಹಾಕಿದರು. ಪಟ್ಟಿಗಳು ಕೂಡುವ ಮುಂದಿನ ಜೋಡಣೆಗೆ ಸೆರಗು ಸಿಕ್ಕಿ ಚರ್ರನೆ ಹರಿಯಿತು.

"ಹೊಸ ಸೀರೆ ಕಣ್ರೀ!" ಎಂದು ಅವರು ಗೊಣಗಿದರು. ಹೇಮಲತಾ ಮಾತ್ರ ಹರಿದ ಸೆರಗು ನೋಡಿ, ಪಟ್ಟಿಯ ಅಂಚಿಗೆ ಬೆರಳು ತಾಗಿಸಿದರು. ಆಗಲೇ ಲಾವಣ್ಯಗೆ ಫೋನ್ ಮಾಡಿ, ರಸ್ತೆಯ ಆ ಬದಿಯುದ್ದಕ್ಕೂ ಕೋನ್ ಇಡಿಸಲು ಹೇಳಿದರು.

ಅಲ್ಲಿಂದ ಬಾಲಾಜಿಯ ಮನೆಗೆ ಹೋದರು. ತಾಯಿ ಚಿಕ್ಕಮುನಿಯಮ್ಮ ಗೋಡೆಗೊರಗಿ ಕೂತಿದ್ದಳು. ಸಾವಿನ ಮನೆಯ ಕೆಲಸವೆಲ್ಲ ಅವಳ ತಮ್ಮ ನಲ್ಲಪ್ಪನ ಮೇಲೆ ಬಿದ್ದಿತ್ತು. ಆ ಬ್ಯಾರಿಯರ್ ಹಾಕಿದ ತಂಡಕ್ಕೆ ಅವನೇ ಮೇಸ್ತ್ರಿ.

"ಕೆಲ್ಸ ಮುಗಿದ್ಮೇಲೆ ಆ ಕಡೆ ತಲೆ ಹಾಕಿಲ್ಲ ಮೇಡಂ. ಈಗಂತೂ ಕಾಲೇ ಬರಲ್ಲ," ಎಂದ. ಅವನ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. ಪದ್ಮಾವತಿಗೆ ಅಯ್ಯೋ ಅನ್ನಿಸಿತು.

ಅಂಗಳದಲ್ಲಿ ನೀರಿನ ಟ್ಯಾಂಕಿಗೆ ಕಬ್ಬಿಣದ ಸ್ಟ್ಯಾಂಡ್ ಇತ್ತು. "ಇದು ಯಾರು ಮಾಡಿದ್ದು?" ಎಂದರು ಹೇಮಲತಾ.

"ನನ್ ತಮ್ಮನೇ ಕಣಮ್ಮ," ಎಂದಳು ಚಿಕ್ಕಮುನಿಯಮ್ಮ. ಸ್ಟ್ಯಾಂಡಿನ ಬೋಲ್ಟುಗಳ ಮೇಲೂ ಹಳದಿ ಚುಕ್ಕೆಗಳಿದ್ದವು.

ಅದೇ ಸಂಜೆ ನಾಲ್ಕಕ್ಕೆ ಚಿಕ್ಕಮುನಿಯಮ್ಮ, ನಲ್ಲಪ್ಪ ಸೇರಿದಂತೆ ಎಲ್ಲರೂ ತಿರುವಿಗೆ ಬಂದರು. ಲಾವಣ್ಯ ಈರೇಶನನ್ನೂ ಕರೆತಂದಿದ್ದರು. ಮುದುಕವ್ವ ಮಗನ ತೋಳು ಹಿಡಿದು ನಿಂತಳು.

ಹೇಮಲತಾ ಮೊಬೈಲ್ ಎತ್ತಿ ಹಿಡಿದರು. "ಇದು ಶವ ಎತ್ತುವ ಮೊದಲಿನ ಫೋಟೊ. ಶವದ ಹಿಂದೆ ಮೂರು ಗೆರೆ ನೋಡಿ, ಎಲ್ಲೂ ತುಂಡಾಗಿಲ್ಲ. ಈಗ ನಡುವೆ ಒಂದಡಿ ಇಲ್ಲ. ಪೇಂಟು ಅಳಿಸಿಲ್ಲ, ಪಟ್ಟಿ ಅದಲುಬದಲಾಗಿದೆ. ಮೇಲಿದ್ದದ್ದು ಕೆಳಗೆ ಹೋಗಿದೆ, ಗೆರೆಯನ್ನೂ ಜೊತೆಗೆ ಒಯ್ದಿದೆ. ಅಡಿಯಲ್ಲಿ ಮುಚ್ಚಿಕೊಂಡಿದ್ದ ಹೊಳೆಯುವ ಭಾಗ ಮೇಲೆ ಬಂದಿದೆ."

"ಯಾಕೆ ಬದಲಾಯಿಸಬೇಕು?" ಲಾವಣ್ಯ ಕೇಳಿದರು.

"ಮನೆಗೆ ಶೀಟ್ ಹೊದಿಸೋರು ಕೆಳಗಿನಿಂದ ಶುರು ಮಾಡ್ತಾರೆ, ಮೇಲಿನ ಶೀಟು ಕೆಳಗಿನದರ ಮೇಲೆ ಕೂರಲಿ ಅಂತ. ಬ್ಯಾರಿಯರನ್ನೂ ಗಾಡಿಗಳು ದಾಟಿ ಹೋಗುವ ಆ ಕೊನೆಯಿಂದ ಹಾಕ್ತಾ ಬರಬೇಕಿತ್ತು. ಲಾರಿ ಸಾಮಾನು ಇಳಿಸಿದ್ದು ಈ ತುದಿಗೆ ಅಂತ ಕಾಣುತ್ತೆ. ಇಲ್ಲಿಂದಲೇ ಶುರು ಮಾಡಿ, ಒಂದರ ಮೇಲೊಂದು ಹೇರಿಕೊಂಡು ಹೋದರು. ಅಂಚೆಲ್ಲ ಎದುರು ಬರೋ ಗಾಡಿಗಳ ಕಡೆಗೇ ನಿಂತವು. ಪದ್ಮಾವತಿಯವರ ಸೆರಗು ಹರಿದಿದ್ದು ಅದಕ್ಕೇ. ಕಾರಿನವನಿಗಾದರೆ ಒಂದು ಗೀರು ಬೀಳುತ್ತೆ. ಮರಳಿನ ಮೇಲೆ ಬಿದ್ದು ಜಾರಿ ಬರೋ ಬೈಕಿನವನಿಗೆ ಅದೇ ಮಚ್ಚು. ಈರೇಶ್ ಬಾಯಲ್ಲಿ ಅಂದ, ಈ ಅಂಚು ಮಾಡಿಬಿಟ್ಟಿತು."

ಪೊಲೀಸರು ಬೋಲ್ಟು ಬಿಚ್ಚಿ ಪಟ್ಟಿ ಸರಿಸಿದರು. ಅಡಿಯಲ್ಲಿ ಮೂರು ಗೆರೆಯ ಕಾಣೆಯಾದ ತುಂಡು ಇತ್ತು. ಅದರ ಅಂಚಿನಲ್ಲಿ ಕಪ್ಪಗೆ ಒಣಗಿದ ಕಲೆ, ಬಾಲಾಜಿಯ ಜಾಕೆಟ್ಟಿನ ನೀಲಿ ನೂಲು. ಎಷ್ಟೋ ಗಾಯ ತೊಳೆದಿದ್ದ ಪದ್ಮಾವತಿಗೆ ಅದನ್ನು ನೋಡಲಾಗಲಿಲ್ಲ.

"ಬದಲಾಯಿಸಿದವನಿಗೆ ಬೋಲ್ಟು ಬಿಗಿ ಮಾಡಿದ ಮೇಲೆ ಹಳದಿ ಚುಕ್ಕೆ ಇಡೋ ಅಭ್ಯಾಸ," ಎಂದರು ಹೇಮಲತಾ. "ಒಳ್ಳೆಯ ಕೆಲಸಗಾರ. ತಪ್ಪು ಮುಚ್ಚುವಾಗಲೂ ಮರೆಯಲಿಲ್ಲ. ಹಳೇ ಚುಕ್ಕೆ ಧೂಳು ಹಿಡಿದಿವೆ, ಈ ಎಂಟು ಹೊಸವು. ಟ್ಯಾಂಕ್ ಸ್ಟ್ಯಾಂಡಿನಲ್ಲೂ ಅದೇ ಚುಕ್ಕೆ, ನಲ್ಲಪ್ಪನವರೇ."

ನಲ್ಲಪ್ಪ ಆ ಬೋಲ್ಟುಗಳ ಮುಂದೆ ಕೂತುಬಿಟ್ಟ. "ಸುದ್ದಿ ಕೇಳಿ ಓಡ್ಬಂದೆ. ಅಷ್ಟೊತ್ತಿಗೆ ಮಗೂನ ತಗೊಂಡೋಗಿದ್ರು. ಅಂಚಲ್ಲಿ ರಕ್ತ ನೋಡ್ದಾಗಲೇ ಗೊತ್ತಾಯ್ತು. ಅಕ್ಕನಿಗೆ ಎಂಗೆ ಏಳ್ಲಿ? ನಾನು ಎತ್ತಿ ಆಡಿಸಿದ ಮಗ..."

"ಅದಕ್ಕೆ ಇನ್ನೊಬ್ಬಳ ಮಗನ್ನ ಜೈಲಿಗೆ ಕಳಿಸಿ ಸುಮ್ನಿದ್ರಾ?" ಪದ್ಮಾವತಿಗೆ ತಡೆಯಲಾಗಲಿಲ್ಲ.

"ಅದೊಂದೇ ಅಲ್ಲ," ಎಂದರು ಹೇಮಲತಾ. "ತಪ್ಪು ಗೊತ್ತಾದ ಮೇಲೆ ತಿರುಗಿಸಿದ್ದು ಒಂದೇ ಜೋಡಣೆ. ಉಳಿದ ನಲವತ್ತೊಂದು ಹಾಗೇ ಬಿಟ್ಟಿರಿ. ಐದು ದಿನ, ಮೂರು ಶಿಫ್ಟು. ಎಷ್ಟು ಬೈಕ್ ಹೋದವು?"

ಕೋನ್‌ಗಳ ಆಚೆ ಶಿಫ್ಟು ಮುಗಿಸಿದವರ ಬೈಕುಗಳು ಸಾಲಾಗಿ ಹೋಗುತ್ತಿದ್ದವು. ನಲ್ಲಪ್ಪ ಅಕ್ಕನ ಕಾಲು ಹಿಡಿದು ಗೋಳೋ ಎಂದು ಅತ್ತ. ಚಿಕ್ಕಮುನಿಯಮ್ಮ ಬಗ್ಗಿ, ನೆಲದ ಮೇಲಿದ್ದ ಸ್ಪ್ಯಾನರ್ ಎತ್ತಿ ಅವನ ಕೈಗೆ ಕೊಟ್ಟಳು.

"ಮೊದ್ಲು ಅವನ್ನೆಲ್ಲ ತಿರುಗ್ಸು. ಆಮ್ಯಾಕೆ ಅಳೀವಂತೆ."

ಲಾವಣ್ಯ ತಡೆಯಲಿಲ್ಲ. ನಲ್ಲಪ್ಪ ಎದ್ದು ಮುಂದಿನ ಜೋಡಣೆಯ ಮುಂದೆ ಮಂಡಿಯೂರಿದ. ಬೋಲ್ಟು ಸಡಿಲವಾಗಲು ಹೊತ್ತು ಹಿಡಿಯಿತು. ಈರೇಶ್ ತಾಯಿಯ ಕೈ ಬಿಡಿಸಿಕೊಂಡು ಹೋಗಿ, ಪಟ್ಟಿಯ ಇನ್ನೊಂದು ತುದಿ ಹಿಡಿದುಕೊಂಡ.