ಎಂಟು-ಹತ್ತರ ಫೋಟೋ, ನಾಲ್ಕು-ಆರರ ಸೈನು

ಶರತ್‌ನ ಬೈಕು ಗುಂಡಿ ಹಾರಿತು. ನನ್ನ ಸ್ಕೂಟರ್ ಗುಂಡಿಗೇ ಬಿತ್ತು!

ಹ್ಯಾಂಡಲ್ ವಾಲಿತು... ಹಲ್ಲು ಕಚ್ಚಿ ಹಿಡಿದೆ. ಬೀಳಲಿಲ್ಲ. ಮತ್ತೆ ಆಕ್ಸಿಲರೇಟರ್ ತಿರುವಿದೆ.

ಸೊರಬದಿಂದ ಆನವಟ್ಟಿ ಕಡೆ ಓಡ್ತಿದ್ದ ಅವನು. ಬೆನ್ನ ಮೇಲೆ ಕಪ್ಪು ಬ್ಯಾಗು. ಬ್ಯಾಗಿನೊಳಗೆ ಕುಬ್ರಾ ಬೀ ಅವರ ಫೋಟೋ.

"ನಿಲ್ಸೋ!"

ತಿರುಗಿ ನೋಡಿ ನಕ್ಕ. ನಗ್ಲಿ... ನಗೋರನ್ನ ಎಷ್ಟು ನೋಡಿಲ್ಲ ನಾನು!

ನಾನು ಸೈಮಾ. ಊರು ಶಿಕಾರಿಪುರ. ಕಳೆದದ್ದನ್ನ ಹುಡುಕಿಕೊಡೋದು ನನ್ನ ಕಸುಬು. ಬೈಕು, ಮೊಬೈಲು, ನಿಕಾಹ್ ಹಿಂದಿನ ದಿನ ಮಾಯವಾದ ಮದುಮಗ... ಏನಾದ್ರೂ ಸರಿ. ಆದ್ರೆ ಒಂದು ಫೋಟೋ ಹಿಂದೆ ಬಿದ್ದದ್ದು ಇದೇ ಮೊದಲು.

ಆಗಿದ್ದಿಷ್ಟು ನೋಡ್ರೀ.

ಕುಬ್ರಾ ಬೀ ನಮ್ಮ ಓಣಿಯವರು, ನನಗೆ ಖಾಲಾ, ಅಂದ್ರೆ ಚಿಕ್ಕಮ್ಮ ಇದ್ದಂಗೆ. ಗಾದಿ ಹೊಲಿಯೋ ಅಂಗಡಿ ಅವರದ್ದು. ಹೈಸ್ಕೂಲಲ್ಲಿ ವಾಲಿಬಾಲ್ ಆಡಿದ್ದರು. ಒಂದು ಮ್ಯಾಚು ನೀಲಾಂಬಿಕ ಅನ್ನೋರ ಟೀಮಿನ ಎದುರು. ಆ ನೀಲಾಂಬಿಕ ಮುಂದೆ ರಾಜ್ಯದ ಕ್ಯಾಪ್ಟನ್ ಆದರು, ಪೇಪರಲ್ಲಿ ಬಂದರು. ನಮ್ಮ ಖಾಲಾ ಗಾದಿ ಹೊಲಿದರು. ಅವತ್ತಿನದು ಅಂತ ಉಳಿದಿದ್ದು ಒಂದೇ ಫೋಟೋ.

ಅದರ ಮೇಲೆ ನೀಲಾಂಬಿಕ ಅವರ ಸೈನು ಬೇಕು ಅಂತ ಆಸೆ. ಫೋನಲ್ಲಿ ಜಾಹೀರಾತು ಕಂಡಿತ್ತು. 'ಆಟಗಾರರ ಆಟೋಗ್ರಾಫ್ ತರಿಸಿಕೊಡುತ್ತೇವೆ. ಫೋಟೋ ಅಂಚೆಯಲ್ಲಿ ಕಳಿಸಿ. ಶರತ್, ಸೊರಬ.'

"ಖಾಲಾ, ಕಾಪಿ ಹೊಡೆಸಿ ಕಳಿಸಿ," ಅಂದಿದ್ದೆ. "ಫೋರ್-ಬೈ-ಸಿಕ್ಸ್ ಸಾಕು. ಮಾಮೂಲಿ ಕವರಿಗೆ ಹಿಡಿಯುತ್ತೆ."

"ಅಷ್ಟು ದೊಡ್ಡ ಆಟಗಾರ್ತಿಗೆ ಇಷ್ಟು ಸಣ್ಣ ಫೋಟೋನಾ? ಏನಂದ್ಕೊಂಡಾಳು ಬೇಟಿ!"

ಹೋಯ್ತು. ಎಯ್ಟ್-ಬೈ-ಟೆನ್. ಗೋಡೆಯಿಂದ ಇಳಿಸಿದ ಒರಿಜಿನಲ್! ಮಡಚಬಾರದು ಅಂತ ಹಿಂದೆ ರಟ್ಟು. ವಾಪಸ್ ಬರೋಕೆ ಅಷ್ಟೇ ದೊಡ್ಡ ಇನ್ನೊಂದು ಕವರು, ಸ್ಟಾಂಪ್ ಹಚ್ಚಿ.

ವಾಪಸ್ ಬಂದದ್ದೇನು? ಒರಿಜಿನಲ್ ಇಲ್ಲ, ಆ ದೊಡ್ಡ ಕವರಿನ ಮೂಲೇಲಿ ಅದರದೇ ಒಂದು ಫೋರ್-ಬೈ-ಸಿಕ್ಸ್ ಕಾಪಿ! ಫಳಫಳ ಹೊಸ ಕಾಗದ. ಮೇಲೊಂದು ಸೈನು.

ಖಾಲಾ ಅಳಲಿಲ್ಲ. ಅಂಗೈ ಮೇಲಿಟ್ಟು ನೋಡಿದರು.

"ಫೋಟೋನೂ ಒಗೆದ್ರೆ ಕುಗ್ಗುತ್ತಾ ಬೇಟಿ?"

ನಾನು ಸ್ಕೂಟರ್ ಕೀ ತಗೊಂಡೆ.

ಸೊರಬ. ಶರತ್ ಮನೆ ಬಾಗಿಲು. ನನ್ನ ಕೈಲಿದ್ದ ಸಣ್ಣ ಫೋಟೋ ಕಂಡ... ಬ್ಯಾಗ್ ಎತ್ಕೊಂಡು ಹಿತ್ತಲಿಂದ ಪರಾರಿ!

ಹಾಗೆ ಶುರುವಾಗಿತ್ತು ಈ ರೇಸು.

ಆನವಟ್ಟಿ ದಾಟಿತು. ಕುಬಟೂರು ಹತ್ತಿರ ಬಂತು. ಎದುರಿಗೆ... ಕುರಿ! ರಸ್ತೆ ತುಂಬ ಕುರಿ!

ಶರತ್ ಹಾರ್ನ್ ಒತ್ತಿದ. ಕುರಿಗೆ ಹಾರ್ನ್ ಯಾವ ಲೆಕ್ಕ?

"ದಾರಿ ಬಿಡೋ ಮುದುಕಾ!"

ಕುರಿ ಕಾಯೋ ಯಜಮಾನರು ಕೋಲೂರಿ ನಿಂತರು. ಹೆಸರು ಉಜ್ಜಪ್ಪ ಅಂತ ಆಮೇಲೆ ಗೊತ್ತಾಯ್ತು.

"ಏನಂದಿ ತಮ್ಮಾ?"

"ಅವನು ಕಳ್ಳ, ಯಜಮಾನ್ರೇ!" ಹಿಂದಿನಿಂದ ಕೂಗಿದೆ. "ವಯಸ್ಸಾದೋರ ಫೋಟೋ ಹೊಡ್ಕೊಂಡು ಹೊಂಟಾನೆ!"

ಉಜ್ಜಪ್ಪ ಒಂದೇ ಒಂದು ಸಿಳ್ಳೆ ಹಾಕಿದರು. ಮುಂದೆ ಹೋಗ್ತಿದ್ದ ಕುರಿಗಳೆಲ್ಲ ಹಿಂದಕ್ಕೆ ತಿರುಗಿದವು. ಶರತ್ ನಟ್ಟ ನಡುವೆ! ಬೈಕು ಮಗುಚಿತು. ಒಂದು ಟಗರು ಅವನನ್ನೇ ದಿಟ್ಟಿಸಿ ತಲೆ ತಗ್ಗಿಸಿತು...

"ಅಕ್ಕಾ! ಅದನ್ನ ಹಿಡೀರಿ ಅಕ್ಕಾ!"

"ಮೊದ್ಲು ಬ್ಯಾಗು."

ಬ್ಯಾಗು ಬಂತು.

"ಮಾರಿಲ್ಲ ಅಕ್ಕಾ, ದೇವರಾಣೆ! ಹಳೇ ಫೋಟೋ ಕೊಳ್ಳೋ ಪಾರ್ಟಿ ಇನ್ನೂ ಬಂದೇ ಇಲ್ಲ..."

"ಸೈನು ಯಾರದು?"

ಟಗರು ಒಂದು ಹೆಜ್ಜೆ ಮುಂದೆ ಬಂತು.

"ನಂದೇ! ನಂದೇ!"

ಬ್ಯಾಗಲ್ಲಿ ಇನ್ನೂ ಯಾರ್ಯಾರದೋ ಹಳೇ ಫೋಟೋ ಇದ್ದವು. ಅವನ ಜೊತೆ ಅವನ್ನೂ ಸ್ಟೇಷನ್ನಿಗೆ ಮುಟ್ಟಿಸಿದೆ. ಖಾಲಾರ ಫೋಟೋ ಮಾತ್ರ ಅಲ್ಲಿ ಸಹಿ ಹಾಕಿ ಬಿಡಿಸ್ಕೊಂಡು ಬಂದೆ.

ಒರಿಜಿನಲ್ ಗೋಡೆಗೆ ಹೋಯ್ತು. ಕಾಪಿ ಹೊಡೆಸೋಕೆ ಸ್ಟುಡಿಯೋಗೆ ಹೋದ್ವಿ. ಅಲ್ಲಿ ಮತ್ತೆ ಸೈಜಿನ ಜಗಳ! ಕೊನೆಗೆ ಫೈವ್-ಬೈ-ಸೆವೆನ್‌ಗೆ ರಾಜಿ. ಮುಖ ಕಾಣುತ್ತೆ, ಸೈನಿಗೆ ಜಾಗ ಇರುತ್ತೆ, ಕವರೂ ಭಾರ ಆಗಲ್ಲ. ನೀಲಾಂಬಿಕ ಇರೋದು ಧಾರವಾಡದಲ್ಲಿ ಅಂತ ಪತ್ತೆ ಮಾಡಿದೆ. ಎರಡು ಕಾಪಿ ನೇರ ಅವರ ಮನೆಗೇ ಹೋದವು. ಒಂದು ಸೈನಿಗೆ, ಒಂದು ಅವರಿಗೇ ಇರ್ಲಿ ಅಂತ.

ಉತ್ತರ ಬಂತು. ಎರಡೂ ಕಾಪಿ ವಾಪಸ್! ಒಂದರ ಮೇಲೆ ಸೈನು. ಇನ್ನೊಂದು ಖಾಲಿ... ಜೊತೆಗೆ ಸ್ಟಾಂಪ್ ಹಚ್ಚಿದ ಕವರು. ಒಂದು ಚೀಟಿ.

ಕನ್ನಡಕ ಹುಡುಕೋ ತಾಳ್ಮೆ ಖಾಲಾಗೆಲ್ಲಿ? ನಾನೇ ಓದಿದೆ.

'ಕುಬ್ರಾ, ಅವತ್ತು ನೀನು ಹೊಡೆದ ಬಾಲ್ ಎತ್ತೋಕೆ ಹೋಗಿ ನೆಲಕ್ಕೆ ಬಿದ್ದಿದ್ದೆನಲ್ಲ! ಫೋಟೋದಲ್ಲಿ ಅದೇ ಇದೆ. ನನ್ನ ಕಾಪಿ ಮೇಲೆ ನಿನ್ನ ಸೈನು ಬೇಕು. ಹಾಕಿ ಕಳಿಸು.'

ಖಾಲಾ ಮತ್ತೆ ಮತ್ತೆ ಓದಿಸಿಕೊಂಡರು. ಸೆರಗಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ದಪ್ಪ ಮಾರ್ಕರ್ ಹಿಡಿದು ಈ ಅಂಚಿಂದ ಆ ಅಂಚಿಗೆ ಬರೆದರು... ಕುಬ್ರಾ ಬೀ!

"ಅಯ್ಯೋ ಖಾಲಾ! ನೀಲಾಂಬಿಕ ಪೂರ್ತಿ ಮುಚ್ಚಿಹೋದ್ರಲ್ಲ!"

"ಪಾಪ, ಬಿದ್ದವಳ ಮರ್ಯಾದೆ ಮುಚ್ಚಿದೀನಿ ಬೇಟಿ."